ಆಕಾಶದಲ್ಲಿ ಹೊಂಗೆಮರ ಇಲ್ಲ

ಮೊನ್ನೆ ದೊಡ್ಡಮಳೂರಿನಲ್ಲಿ ನಮ್ಮ ಕ್ಯಾಪ್ಟನ್ ಅವರ ತಿಥಿ. ಮನೆ ಮುಂದೆ ಶಾಮಿಯಾನ ಹಾಕಿ ಎಲೆ ಹಾಸಿದ್ದರು. ನನ್ನ ಎದುರು ಸಾಲಿನಲ್ಲಿ ಅವರ ಭಾವಮೈದುನ ಕೂತಿದ್ದ. ಬಿಡದಿ ಕಡೆ ಸೈಟು ಮಾರಿಸುವ ಮನುಷ್ಯ. ಕೈಯಲ್ಲಿ ವಡೆ ಹಿಡಿದುಕೊಂಡೇ ಪಕ್ಕದವರಿಗೆ ವ್ಯಾಖ್ಯಾನ ಶುರು ಮಾಡಿದ.

“ನಮ್ ಭಾವಂಗೆ ಓದಿತ್ತು, ಯವಾರ ಗೊತ್ತಿರ್ಲಿಲ್ಲ. ಆವತ್ತೊಂದಿನ ಹೂಂ ಅಂದ್ಬುಟ್ಟಿದ್ರೆ ಆಗ್ತಿತ್ತು. ಕಂಪ್ನಿಲಿ ದೊಡ್ ಸಾಹೇಬ್ರಾಗಿ ರಿಟೈರ್ ಆಗೋರು. ನಿದ್ದೆಗೋಸ್ಕರ ಎಲ್ಲಾ ಕಳ್ಕಂಡ್ರು ನೋಡಿ.”

ಪಕ್ಕದವರು ಅಯ್ಯೋ ಪಾಪ ಎಂದರು. ನನ್ನ ಮೈ ಉರಿಯಿತು. ನಾನೇನು ಸಾಧು ಹೆಂಗಸಲ್ಲ, ಬಾಯಿಗೆ ಬಂದ ಮಾತು ನುಂಗಿಕೊಂಡು ಅಭ್ಯಾಸವೂ ಇಲ್ಲ. ಆದರೆ ಅವರ ಹೆಂಡತಿ ಅಲ್ಲೇ ನಿಂತು ತಮ್ಮ ಕೈಯಾರೆ ಪಾಯಸ ಬಡಿಸುತ್ತಿದ್ದರು. ಸಾವಿನ ಮನೆಯಲ್ಲಿ ಜಗಳ ಆಡಬಾರದೆಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಕಾಗದದ ಮೇಲೆ ಆಡಬಾರದೆಂದು ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಈಗ ಇದನ್ನು ಬರೆಯಲು ಕೂತಿದ್ದೇನೆ.

ನಾನು ಒಂದು ವಿಮಾನ ಕಂಪನಿಯ ರೋಸ್ಟರ್ ಮೇಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಯಾವ ಪೈಲಟ್ ಯಾವ ದಿನ ಯಾವ ವಿಮಾನ ಹಾರಿಸಬೇಕು, ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದು ಪಟ್ಟಿ ಮಾಡುವುದು ನಮ್ಮ ಕೆಲಸ. ಯಾರಾದರೂ ಕಾಯಿಲೆ ಎಂದು ಮಲಗಿದರೆ ಇನ್ನೊಬ್ಬರಿಗೆ ಫೋನ್ ಮಾಡಿ, ಪುಸಲಾಯಿಸಿ, ಒಮ್ಮೊಮ್ಮೆ ಹೆದರಿಸಿ ಕರೆಸುವುದೂ ನಮ್ಮದೇ. ಪೈಲಟ್‌ಗಳು ನಮ್ಮ ನಂಬರ್ ನೋಡಿದರೆ ಸಾಕು, ಫೋನನ್ನು ದಿಂಬಿನ ಕೆಳಗೆ ಇಡುತ್ತಿದ್ದರು.

ಅವರು ಮಾತ್ರ ಎತ್ತುತ್ತಿದ್ದರು. ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಆಫೀಸಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಚನ್ನಪಟ್ಟಣ ಕ್ಯಾಪ್ಟನ್ ಎಂದೇ. ದೊಡ್ಡಮಳೂರು ಎಂದು ಬಾಯಿ ತುಂಬಾ ಹೇಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ.

ಮೊದಲ ಸಲ ಅವರಿಗೆ ಫೋನ್ ಮಾಡಿದಾಗ ನಾನು ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಕಲಿಸಿಕೊಟ್ಟ ಇಂಗ್ಲಿಷಿನಲ್ಲಿ ಗಿಣಿಪಾಠ ಒಪ್ಪಿಸುತ್ತಿದ್ದೆ. ನಡುವೆ ಪಕ್ಕದ ಮೇಜಿನವಳು ಏನೋ ಕೇಳಿದಳು, ನಾನು ಫೋನಿಗೆ ಕೈ ಅಡ್ಡ ಹಿಡಿಯದೆ “ಅಲ್ಲೇ ಐತೆ ನೋಡೇ” ಎಂದುಬಿಟ್ಟೆ. ಆ ಕಡೆಯಿಂದ ಅವರೂ ಕನ್ನಡಕ್ಕೆ ತಿರುಗಿದರು.

“ಯಾವೂರವ್ವಾ ನಿಂದು?”

“ಮಾಗಡಿ ಹತ್ರ ಕಲ್ಯ ಸಾರ್.”

“ಮೊದ್ಲೇ ಹೇಳಬಾರ್ದಾ? ನಂಗೆ ಇಷ್ಟೊತ್ತು ಇಂಗ್ಲಿಷ್ ಕೇಳೋ ಶಿಕ್ಷೆ ಯಾಕೆ? ಊಟ ಆಯ್ತಾ?”

ಆಮೇಲೆ ಅವರು ನಿವೃತ್ತರಾಗುವವರೆಗೂ ನಮ್ಮ ಮಾತು ಶುರುವಾಗುತ್ತಿದ್ದದ್ದು ಊಟದಿಂದಲೇ. ಊಟ ಆಗಿಲ್ಲ ಎಂದರೆ, “ಮೊದ್ಲು ಉಣ್ಣೋಗು, ವಿಮಾನ ಎಲ್ಗೂ ಹೋಗಾಕಿಲ್ಲ, ನಾನಿಲ್ಲೇ ಇವ್ನಿ” ಎಂದು ಫೋನ್ ಇಟ್ಟುಬಿಡುತ್ತಿದ್ದರು. ನಾನು ಹಸಿದ ಹೊಟ್ಟೆಯಲ್ಲೇ ಮತ್ತೆ ಫೋನ್ ಮಾಡಿ, ಉಂಡೆ ಎಂದು ಸುಳ್ಳು ಹೇಳಬೇಕಾಗುತ್ತಿತ್ತು.

ಅವರ ಅಪ್ಪ ಬಸ್ ಡ್ರೈವರ್. ಚನ್ನಪಟ್ಟಣದಿಂದ ರಾಮನಗರದ ಮೇಲೆ ಮಾಗಡಿಗೆ ಹೋಗುತ್ತಿದ್ದ ಖಾಸಗಿ ಬಸ್ಸೊಂದನ್ನು ಮೂವತ್ತು ವರ್ಷ ಓಡಿಸಿದವರು. ಮಗ ಸರ್ಕಾರದ ಸ್ಕಾಲರ್‌ಶಿಪ್ ಹಿಡಿದು ಬೆಂಗಳೂರಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು ಪೈಲಟ್ ಆದ. ಆದರೂ ಯಾರಾದರೂ ನಿಮ್ಮ ಗುರು ಯಾರು ಎಂದು ಕೇಳಿದರೆ ಕ್ಲಬ್ಬಿನ ಹೆಸರು ಹೇಳುತ್ತಿರಲಿಲ್ಲ, ಅಪ್ಪನ ಹೆಸರು ಹೇಳುತ್ತಿದ್ದರು. ಬಿಳಿ ಅಂಗಿಯ ಭುಜದ ಮೇಲೆ ಕ್ಯಾಪ್ಟನ್ನಿನ ನಾಲ್ಕು ಪಟ್ಟಿ, ಕೈಯಲ್ಲಿ ಕಪ್ಪು ಬ್ಯಾಗು, ಬ್ಯಾಗಿನೊಳಗೆ ಅಪ್ಪ ಇಟ್ಟುಕೊಳ್ಳುತ್ತಿದ್ದಂಥದೇ ಕೆಂಪು ಚೌಕಳಿ ಟವೆಲ್ಲು. ಇಳಿದ ಮೇಲೆ ಮುಖ ಒರೆಸಿಕೊಂಡು ಅದನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಪಟ್ಟಿ ಕಾಣುವುದಿಲ್ಲ, ತೆಗೆಯಿರಿ ಎಂದು ಮ್ಯಾನೇಜರ್ ಹೇಳಿದರೆ, “ಮುಖ ಕಾಣ್ತದಲ್ಲ ಸಾರ್, ಸಾಕು” ಎನ್ನುತ್ತಿದ್ದರು.

ಮನೆಯಿಂದ ರಾಗಿ ರೊಟ್ಟಿ ಕಟ್ಟಿಸಿಕೊಂಡು ಬರುವ ಪೈಲಟ್ಟನ್ನು ನಾನು ಮತ್ತೆಲ್ಲೂ ನೋಡಿಲ್ಲ. ವಿಮಾನದಲ್ಲಿ ಒಂದು ಕಟ್ಟಳೆ ಇದೆ. ಕ್ಯಾಪ್ಟನ್ನು, ಕೋ-ಪೈಲಟ್ಟು ಒಂದೇ ಅಡುಗೆ ಉಣ್ಣುವ ಹಾಗಿಲ್ಲ, ಕೆಟ್ಟರೆ ಇಬ್ಬರ ಹೊಟ್ಟೆಯೂ ಒಟ್ಟಿಗೆ ಕೆಡಬಾರದು ಎಂದು. ಹಾಗಾಗಿ ಇವರು ಹುಚ್ಚೆಳ್ಳು ಚಟ್ನಿಯ ಡಬ್ಬಿ ಬಿಚ್ಚಿ ಉಣ್ಣುವಾಗ ಪಕ್ಕದ ಹುಡುಗ ಕಂಪನಿ ಕೊಟ್ಟ ಸಪ್ಪೆ ಅನ್ನ ಕಲಸುತ್ತಾ ವಾಸನೆ ಕುಡಿಯಬೇಕು. ಇಳಿದು ಎಂಜಿನ್ ನಿಲ್ಲಿಸಿದ ಕೂಡಲೇ, ಅವನ ಪಾಲಿನ ಎರಡು ರೊಟ್ಟಿ ತೆಗೆದು ತೊಡೆಯ ಮೇಲೆ ಇಡುತ್ತಿದ್ದರಂತೆ. “ಈಗ ತಿನ್ನು. ಈಗ ಇಬ್ರೂ ಸತ್ರೂ ಪರವಾಗಿಲ್ಲ.”

ಕೆಲಸ ಅಂದರೆ ಅವರಿಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಭಾವಮೈದುನನ ಮಾತು ನಿಜ ಎಂದುಕೊಂಡಾರು. ಪಶ್ಚಿಮದಿಂದ ಬೆಂಗಳೂರಿಗೆ ಇಳಿಯುವಾಗ ಆಕಾಶ ತಿಳಿಯಾಗಿದ್ದರೆ ಮೈಕಿನಲ್ಲಿ ಕನ್ನಡದಲ್ಲಿ ಶುರು ಮಾಡುತ್ತಿದ್ದರು: “ಬಲಗಡೆ ಕಿಟಕಿಯಿಂದ ನೋಡಿ, ಆ ಬಂಡೆಗಳೆಲ್ಲ ರಾಮನಗರದವು. ಅದರಿಂದಾಚೆ ಹೊಳೀತಿರೋದು ಬೈರಮಂಗಲದ ಕೆರೆ.” ಮುಂಬೈಯ ಕೋಟು-ಟೈಗಳು ಅರೆನಿದ್ದೆಯಲ್ಲಿ ಕಣ್ಣು ಬಿಟ್ಟು ನೋಡುತ್ತಿದ್ದವು. ಇದು ಅನಗತ್ಯ ಪ್ರಕಟಣೆ ಎಂದು ಕಂಪನಿ ಪತ್ರ ಬರೆಯಿತು. ಮುಂದಿನ ವಾರದಿಂದ ಕೆರೆಯ ಜೊತೆಗೆ ಮಾಗಡಿ ಕಡೆಯ ಬೆಟ್ಟವೂ ಸೇರಿತು.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಪೈಲಟ್ ಕೆಲಸವೂ ಹಾಗೆಯೇ. ಊರಿನವರ ಕಣ್ಣಿಗೆ ಅವರು ದೊಡ್ಡ ಹೋಟೆಲಿನಲ್ಲಿ ಮಲಗಿ, ಮೋಡದ ಮೇಲೆ ಕೂತು, ಕಂತೆಗಟ್ಟಲೆ ಸಂಬಳ ಎಣಿಸುವವರು. ಸಂಬಳ ದೊಡ್ಡದೇ, ಸುಳ್ಳೇಕೆ ಹೇಳಲಿ. ಆದರೆ ನಮ್ಮ ಕಂಪನಿಯಲ್ಲಿ ಅದರ ಒಂದು ಪಾಲು ಮಾತ್ರ ಖಾಯಂ, ಉಳಿದದ್ದೆಲ್ಲ ಹಾರಿದ ಗಂಟೆಯ ಮೇಲೆ. ಜ್ವರ ಬಂದು ಮಲಗಿದರೆ ಆ ಪಾಲು ಇಲ್ಲ. ಮನೆಯ ಕಂತು, ಮಕ್ಕಳ ಫೀಸು ತಲೆಯ ಮೇಲಿರುವ ಹುಡುಗರು ಜ್ವರದ ಮಾತ್ರೆ ನುಂಗಿಕೊಂಡೇ ಬರುತ್ತಿದ್ದರು. ಇವತ್ತು ಬೆಳಗಿನ ಜಾವ, ನಾಳೆ ಮಧ್ಯಾಹ್ನ, ನಾಡಿದ್ದು ಇಡೀ ರಾತ್ರಿ ಎಂದು ನಾವು ಅವರ ನಿದ್ದೆಯನ್ನು ಎತ್ತೆತ್ತಲೋ ಎಳೆದಾಡುತ್ತಿದ್ದೆವು. ನಮ್ಮ ಹಾಳೆಯಲ್ಲಿ ಮಾತ್ರ ಎಲ್ಲವೂ ನಿಯಮದ ಪ್ರಕಾರವೇ ಇರುತ್ತಿತ್ತು.

“ಹಳೇ ಕಾಲ್ದಲ್ಲಿ ಜೀತಗಾರಂಗೆ ಹಬ್ಬ ಯಾವತ್ತು ಅಂತನಾದ್ರೂ ಗೊತ್ತಿತ್ತು ಕಣವ್ವಾ” ಎಂದು ಅವರು ಒಮ್ಮೆ ಹೇಳಿದ್ದರು. “ನಂಗೆ ನಾಳಿದ್ದು ಏನು ಅಂತ ನಿನ್ನೇ ಕೇಳ್ಬೇಕು.”

ಅಪ್ಪನ ವಿಷಯಕ್ಕೆ ಬರುತ್ತೇನೆ. ಕೆಂಗಲ್ ಹತ್ತಿರ ರಸ್ತೆ ಪಕ್ಕ ಒಂದು ಹೊಂಗೆಮರ ಇತ್ತಂತೆ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಕಣ್ಣು ಎಳೆಯಲು ಶುರುವಾದರೆ ಆ ಡ್ರೈವರ್ ಬಸ್ಸನ್ನು ಅಲ್ಲಿ ನಿಲ್ಲಿಸಿ, ಟವೆಲ್ ಹಾಸಿ, ಕಾಲುಗಂಟೆ ಮಲಗುತ್ತಿದ್ದರು. ಬಸ್ಸಿನ ಜನವೆಲ್ಲ ಇಳಿದು, ಸೌತೆಕಾಯಿ ತಿನ್ನುತ್ತಾ ನೆರಳಿನಲ್ಲಿ ಕಾಯುತ್ತಿದ್ದರು. ಯಾರಾದರೂ ಹೊಸಬ ಗಡಿಬಿಡಿ ಮಾಡಿದರೆ ಹಳಬರೇ ಬಾಯಿ ಮುಚ್ಚಿಸುತ್ತಿದ್ದರು: “ಸುಮ್ಕಿರಪ್ಪಾ, ಡ್ರೈವರಣ್ಣಂಗೆ ನಿದ್ದೆ ಬಂದೈತೆ.” ಬೇರೆ ಕಾರಣ ಯಾರೂ ಕೇಳುತ್ತಿರಲಿಲ್ಲ. ಆ ಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ಹೋದದ್ದಿಲ್ಲ, ಯಾವತ್ತೂ ಹಳ್ಳಕ್ಕೆ ಬಿದ್ದದ್ದೂ ಇಲ್ಲ.

ಮಗ ಕ್ಯಾಪ್ಟನ್ ಆದ ಮೇಲೆ ಅಪ್ಪನನ್ನು ಒಂದು ಸಲ ತಾನೇ ಹಾರಿಸುವ ವಿಮಾನದಲ್ಲಿ ಗೋವಾಕ್ಕೆ ಕರೆದುಕೊಂಡು ಹೋದರು. ಇಳಿದ ಮೇಲೆ ಹೇಗಿತ್ತಪ್ಪಾ ಎಂದು ಕೇಳಿದರೆ ಮುದುಕರು ಗಂಭೀರವಾಗಿ, “ಬ್ರೇಕು ಒಸಿ ಜೋರಾಗಿ ಒತ್ತುಬುಟ್ಟೆ. ನಿಂತಿರೋ ಪ್ಯಾಸೆಂಜರ್ ಇದ್ದಿದ್ರೆ ಮೇಲ್ ಮೇಲೇ ಬೀಳೋರು” ಎಂದರಂತೆ. ಆಮೇಲೆ ಕೇಳಿದರಂತೆ, “ಅಲ್ಲ ಕಣ್ಲಾ, ಮೇಲೆ ನಿದ್ದೆ ಬಂದ್ರೆ ಎಲ್ಲಿ ನಿಲ್ಲುಸ್ತೀಯ?”

“ನಿಲ್ಸಾಕಾಗಲ್ಲ ಕಣಪ್ಪಾ. ಮೇಲೆ ಹೊಂಗೆಮರ ಇಲ್ಲ. ಹತ್ತೋಕ್ ಮುಂಚೇನೇ ಹೇಳ್ಬೇಕು, ಇವತ್ತು ನನ್ ಕೈಲಾಗಲ್ಲ ಅಂತ.”

“ಹಂಗಾದ್ರೆ ಹೇಳು. ನಾಚ್ಕಬ್ಯಾಡ.”

ಇದನ್ನು ಅವರು ನನಗೆ ನಗುನಗುತ್ತಾ ಹೇಳಿದ್ದರು. ನಾನೂ ನಕ್ಕಿದ್ದೆ. ಇದು ಮುಂದೆ ನಮ್ಮಿಬ್ಬರ ತಲೆಯ ಮೇಲೂ ಬಂದು ಕೂರುತ್ತದೆಂದು ಆಗ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲಿನ ಮಾತು ಇದು. ಒಂದು ಜನವರಿಯಲ್ಲಿ ಬೆಳಗಿನ ಮಂಜು ಎಷ್ಟು ದಟ್ಟವಾಗಿ ಕವಿಯಿತೆಂದರೆ ರಾತ್ರಿಯಿಡೀ ಕೋಲ್ಕತ್ತಾಕ್ಕೆ ಹಾರಿ ಹೋಗಿ ಬಂದ ಅವರು ಬೆಂಗಳೂರಿನಲ್ಲಿ ಇಳಿಯಲಾಗದೆ ಚೆನ್ನೈಗೆ ಹೋಗಿ ಇಳಿದರು. ಅಷ್ಟು ಹೊತ್ತಿಗೆ ಅವರ ಡ್ಯೂಟಿ ಗಂಟೆ ಮುಗಿದಿತ್ತು. ಆ ವಿಮಾನವನ್ನು ಬೇರೆ ಕ್ಯಾಪ್ಟನ್ ತಂದರು. ಇವರನ್ನು ಕರೆತರಲು ಸೀಟು ಸಿಗಲಿಲ್ಲ. ಹಗಲೆಲ್ಲ ಚೆನ್ನೈ ನಿಲ್ದಾಣದ ಕಬ್ಬಿಣದ ಕುರ್ಚಿಯಲ್ಲಿ ಕಾದು, ಸಂಜೆಯ ವಿಮಾನದ ನಡುಸೀಟಿನಲ್ಲಿ ಪ್ರಯಾಣಿಕರಾಗಿ ಕೂತು ಬಂದರು. ಯಲಹಂಕದಲ್ಲಿ ಅವರದೊಂದು ಬಾಡಿಗೆ ಕೋಣೆ ಇತ್ತು. ಅಲ್ಲಿ ತಲೆ ಇಟ್ಟಾಗ ಎಷ್ಟು ಹೊತ್ತಾಗಿತ್ತೋ, ಮರುದಿನ ಬೆಳಗಿನ ಮೊದಲ ವಿಮಾನಕ್ಕೆ ನಾನು ಅವರ ಹೆಸರನ್ನೇ ಹಾಕಿದ್ದೆ.

ಬೆಳಕು ಹರಿಯುವ ಹೊತ್ತಿಗೆ ನಿಲ್ದಾಣದಿಂದಲೇ ಅವರ ಫೋನ್ ಬಂತು. ಊಟ ಆಯ್ತಾ ಎಂದು ಕೇಳಲಿಲ್ಲ.

“ನಾನು ಹಾರ್ಸಾಕಿಲ್ಲ ಕಣವ್ವಾ. ಒಂದೇ ಸಾಲು ಮೂರ್ ಸಲ ಓದ್ದೆ, ತಲೆಗೆ ಇಳೀತಿಲ್ಲ. ಬೇರೆಯವ್ರನ್ನ ಕರಿ.”

ನಾನು ಹಾಳೆ ನೋಡಿದೆ. “ಸಾರ್, ನನ್ನ ಶೀಟಿನಲ್ಲಿ ನಿನ್ನೆ ಬೆಳಗಿಂದ ಇವತ್ತು ಬೆಳಗಿನ ತನಕ ಪೂರ್ತಿ ರೆಸ್ಟ್ ಇದೆ.”

“ನಿನ್ ಶೀಟು ಮಲಗೈತೆ. ನಾನು ಮಲಗಿಲ್ಲ.”

ವಿಮಾನ ಮೂರು ಗಂಟೆ ತಡವಾಯಿತು. ಗೇಟಿನ ಮುಂದೆ ಜನ ಎದ್ದು ಕೂಗಾಡತೊಡಗಿದರು. ಇಂಥ ಹೊತ್ತಿನಲ್ಲಿ ತಾಂತ್ರಿಕ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಮೈಕ್ ಹಿಡಿದ ಹುಡುಗಿ ಅದನ್ನೇ ಹೇಳಿದಳು. ಅವರು ಪೈಲಟ್‌ಗಳ ಕೋಣೆಯಿಂದ ಎದ್ದು ಬಂದವರೇ ಅವಳ ಕೈಯಿಂದ ಮೈಕ್ ಇಸಿದುಕೊಂಡರು. ಗಲಾಟೆ ಕೇಳಿ ನಾನೂ ಆಫೀಸಿನಿಂದ ಇಳಿದು ಬಂದಿದ್ದೆ.

“ವಿಮಾನಕ್ಕೆ ಏನೂ ಆಗಿಲ್ಲ” ಎಂದರು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. “ನಾನು ಇದರ ಕ್ಯಾಪ್ಟನ್. ನಂಗೆ ನಿದ್ದೆ ಆಗಿಲ್ಲ. ಈ ಕಣ್ಣಲ್ಲಿ ನಿಮ್ಮನ್ನ ಕರ್ಕೊಂಡು ಹೋಗೋದಿಲ್ಲ. ಬೇರೆ ಕ್ಯಾಪ್ಟನ್ ಬರ್ತಿದ್ದಾರೆ. ಬಯ್ಯೋರು ನನ್ನ ಬಯ್ಯಿ, ಈ ಹುಡುಗಿನ ಬಯ್ಯಬೇಡಿ.”

ಸೀರೆಯ ಗಂಟು ತಬ್ಬಿಕೊಂಡಿದ್ದ ಕನಕಪುರದ ವ್ಯಾಪಾರಿಯೊಬ್ಬ ಮುಂದೆ ನುಗ್ಗಿದ. “ಏನ್ರೀ ಇದು? ನಿಮ್ ನಿದ್ದೆಗೆ ನಾವ್ ಕಾಯ್ಬೇಕಾ?”

“ಹೂಂ ಕಣಪ್ಪಾ. ಕಾಯ್ಬೇಕು.”

ಅಷ್ಟೇ ಹೇಳಿದ್ದು. ದನಿ ಏರಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಆ ವ್ಯಾಪಾರಿ ಅವರ ಮುಖವನ್ನೇ ನೋಡಿದ. ಕಣ್ಣು ಮೆಣಸಿನಕಾಯಿ ಬಿದ್ದ ಹಾಗೆ ಕೆಂಪಾಗಿದ್ದವು. ಗಂಟನ್ನು ಕೆಳಗಿಟ್ಟು ಅದರ ಮೇಲೇ ಕೂತುಬಿಟ್ಟ. ಅವನನ್ನು ನೋಡಿ ಇನ್ನೂ ನಾಲ್ಕಾರು ಜನ ಕೂತರು.

ಕಂಪನಿ ಕೂರಲಿಲ್ಲ. ತಡವಾದದ್ದಕ್ಕಿಂತ ಕಂಪನಿಯವರ ಹೊಟ್ಟೆ ಉರಿಸಿದ್ದು ಮೈಕಿನ ಮಾತು. ಸಾಕಷ್ಟು ವಿಶ್ರಾಂತಿ ಇದ್ದೂ ಬೇಕೆಂದೇ ವಿಮಾನ ನಿಲ್ಲಿಸಿದರು ಎಂದು ವಿಚಾರಣೆ ಇಟ್ಟರು. ತೀರ್ಮಾನ ಆಗುವವರೆಗೆ ಹಾರುವ ಹಾಗಿಲ್ಲ, ಎಂದರೆ ಗಂಟೆಯ ಸಂಬಳವೂ ಇಲ್ಲ. ತಪ್ಪು ಸಾಬೀತಾದರೆ ಕ್ಯಾಪ್ಟನ್ ಪದವಿ ಹೋಗುತ್ತದೆ. ಭುಜದ ಮೇಲಿನ ಒಂದು ಪಟ್ಟಿ ಕಿತ್ತು, ಕೋ-ಪೈಲಟ್ಟಿನ ಸೀಟಿನಲ್ಲಿ, ತಮ್ಮ ಪಕ್ಕ ಕೂತು ಕಲಿತ ಹುಡುಗರ ಬಲಕ್ಕೆ ಕೂರಬೇಕು.

ವಿಚಾರಣೆಯ ದಿನ ನನ್ನ ಹಾಳೆಯೇ ಸಾಕ್ಷಿ. ದೊಡ್ಡ ಆಫೀಸಿನಿಂದ ಬಂದಿದ್ದ ಸಾಹೇಬರು ಅದನ್ನು ಅವರ ಮುಂದೆ ಹಿಡಿದು, ಇಷ್ಟು ವಿಶ್ರಾಂತಿ ಸಾಲದೇ ಎಂದು ಕೇಳಿದರು. ನೀವು ಹಳ್ಳಿಯಿಂದ ಓಡಾಡುತ್ತೀರಿ, ಅದಕ್ಕೇ ಆಯಾಸ ಎಂದರು. ಆ ರಾತ್ರಿ ಹಳ್ಳಿಗೆ ಹೋಗಿರಲಿಲ್ಲ, ಯಲಹಂಕದಲ್ಲಿದ್ದೆ ಎಂದರು ಇವರು. ಹಾಗಾದರೆ ಆಯಾಸಕ್ಕೆ ಕಾರಣ ಏನು ಎಂದರು ಸಾಹೇಬರು. “ಆಯಾಸವೇ ಕಾರಣ” ಎಂದರು ಇವರು.

ಆ ಸಂಜೆ ನಾನು ಹಾಳೆಯನ್ನು ಮತ್ತೆ ನೋಡಿದೆ. ಯಾಕೋ ನೋಡಬೇಕೆನ್ನಿಸಿತು. ನೋಡಿದ ಕೂಡಲೇ ನನ್ನ ತಪ್ಪು ಕಂಡಿತು. ಪೈಲಟ್ಟನ್ನು ಒಂದೂರಿನಿಂದ ಇನ್ನೊಂದೂರಿಗೆ ಪ್ರಯಾಣಿಕರ ಸೀಟಿನಲ್ಲಿ ಕಳಿಸಿದರೆ ಅದೂ ಡ್ಯೂಟಿಯೇ, ವಿಶ್ರಾಂತಿಯ ಲೆಕ್ಕ ಆಮೇಲೆ ಶುರುವಾಗಬೇಕು. ನಮ್ಮ ಕೆಲಸದ ಮೊದಲ ಪಾಠ ಇದು. ಆ ಮಂಜಿನ ದಿನ ಹತ್ತಾರು ವಿಮಾನ ದಿಕ್ಕಾಪಾಲಾಗಿದ್ದವು, ಎರಡು ಫೋನು ಎರಡು ಕಿವಿಯಲ್ಲಿದ್ದವು. ಸುಮ್ಮನೆ ಕೂತು ಬರುತ್ತಾರಲ್ಲ, ಹಾರಿಸುವುದಿಲ್ಲವಲ್ಲ ಎಂದು ನಾನು ಚೆನ್ನೈಯ ಆ ಇಡೀ ಹಗಲನ್ನು ವಿಶ್ರಾಂತಿ ಎಂದು ಬರೆದಿದ್ದೆ. ಕಬ್ಬಿಣದ ಕುರ್ಚಿಯನ್ನು ಹಾಸಿಗೆ ಮಾಡಿದವಳು ನಾನು.

ಭಾನುವಾರ ಬಸ್ ಹತ್ತಿ ದೊಡ್ಡಮಳೂರಿಗೆ ಹೋದೆ. ಅವರು ಹಿತ್ತಲಿನಲ್ಲಿ ಪಕ್ಕದ ಮನೆಯವರ ಪಂಪ್‌ಸೆಟ್ಟು ಬಿಚ್ಚಿ ಹರಡಿಕೊಂಡು ಕೂತಿದ್ದರು. ಕೈಯೆಲ್ಲ ಗ್ರೀಸು. ಕ್ಯಾಪ್ಟನ್ ಸಾಹೇಬರು ಮನೆಯಲ್ಲೇ ಇದ್ದಾರೆಂದು ಗೊತ್ತಾಗಿ ಊರಿನ ಕೆಟ್ಟ ಮೋಟರುಗಳೆಲ್ಲ ಅಲ್ಲಿಗೇ ಬರುತ್ತಿವೆ ಎಂದು ಅವರ ಹೆಂಡತಿ ಕಾಫಿ ಕೊಡುತ್ತಾ ನಕ್ಕರು. ನನಗೆ ನಗು ಬರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತಾ ಅತ್ತೂಬಿಟ್ಟೆ.

“ಗೊತ್ತು ಕಣವ್ವಾ” ಎಂದರು ಅವರು, ಪಾನಾ ಕೆಳಗಿಡದೆ. “ಆವತ್ತು ನೀನು ಫೋನಲ್ಲಿ ಪೂರ್ತಿ ರೆಸ್ಟು ಅಂದಾಗ್ಲೇ ತಿಳೀತು, ಬರಿಯೋವಾಗ ತಪ್ಪಿದ್ಯ ಅಂತ.”

“ಮತ್ತೆ ವಿಚಾರಣೇಲಿ ಯಾಕ್ ಹೇಳ್ಲಿಲ್ಲ ಸಾರ್? ಒಂದ್ ಮಾತು ಹೇಳಿದ್ರೆ ಮುಗೀತಿತ್ತಲ್ಲ!”

“ನನ್ದು ಮುಗೀತಿತ್ತು.” ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು. “ನಾಳೆ ಇನ್ನೊಬ್ಬ ಬತ್ತಾನೆ. ಅವಂದು ಶೀಟು ಸರಿಯಾಗೇ ಇರ್ತದೆ. ಆದ್ರೆ ಮನೇಲಿ ಕೂಸು ರಾತ್ರಿಯೆಲ್ಲಾ ಅತ್ತಿರ್ತದೆ, ಇಲ್ಲ ಅವ್ರವ್ವ ಆಸ್ಪತ್ರೇಲಿರ್ತಾಳೆ. ಅವ್ನು ಸುಸ್ತು ಅಂದ್ರೆ ಏನಂತಾರೆ? ಶೀಟಲ್ಲಿ ತಪ್ಪು ತೋರ್ಸು ಅಂತಾರೆ. ಎಲ್ಲಿಂದ ತರ್ತಾನೆ? ಬಾಯಿ ಮುಚ್ಕೊಂಡು ಹತ್ತುತಾನೆ. ಹಿಂದ್ಗಡೆ ಜನ ಕೂತಿರ್ತಾರೆ. ನಿನ್ ತಪ್ಪು ಹಿಡ್ಕೊಂಡು ನಾನು ದಾಟ್ಕೊಂಡ್ರೆ, ಸುಸ್ತಿಗೆ ಯಾವಾಗ್ಲೂ ಒಂದು ತಪ್ಪು ಬೇಕು ಅಂತಾಗ್ತದೆ.”

“ಪಟ್ಟಿ ಕಿತ್ಕೊಂಡ್ರೆ?”

“ಕಿತ್ಕೊಳ್ಳಿ. ನಮ್ಮಪ್ಪಂಗೆ ಎಷ್ಟು ಪಟ್ಟಿ ಇದ್ವು?” ಆಮೇಲೆ ನನ್ನ ಕಡೆ ಬೆರಳು ತೋರಿಸಿ, “ನೀನು ಬಾಯ್ಬಿಡಬ್ಯಾಡ. ಕೆಲ್ಸ ಹೋದಾತು. ಮನೇಲಿ ದುಡಿಯೋಳು ನೀನೊಬ್ಳೇ ಅಂತ ನಂಗೊತ್ತು.”

ಹಿರಿಯರ ಮಾತು ಮೀರಬಾರದು ಎನ್ನುತ್ತಾರೆ. ನಾನು ಮೀರಿದೆ. ಸೋಮವಾರ ಬೆಳಿಗ್ಗೆ ನನ್ನ ತಪ್ಪನ್ನು ಬರೆದು, ಸಹಿ ಹಾಕಿ, ಸಾಹೇಬರ ಮೇಜಿನ ಮೇಲಿಟ್ಟೆ. ಅವರ ತತ್ವ ಅವರಿಗೆ ಇರಲಿ. ನನ್ನ ಕೈತಪ್ಪನ್ನು ಅವರ ಭುಜದ ಮೇಲೆ ಹೊರಿಸಿ ಅನ್ನ ಉಣ್ಣುವುದು ನನ್ನಿಂದ ಆಗುತ್ತಿರಲಿಲ್ಲ. ನನ್ನನ್ನು ರೋಸ್ಟರ್ ಮೇಜಿನಿಂದ ಎಬ್ಬಿಸಿ ಕಳೆದುಹೋದ ಪೆಟ್ಟಿಗೆಗಳ ವಿಭಾಗಕ್ಕೆ ಹಾಕಿದರು. ಒಂದು ವರ್ಷ ಜನರ ಸೂಟ್‌ಕೇಸು ಹುಡುಕುತ್ತಾ, ಊರಿನವರ ಬೈಗುಳವೆಲ್ಲ ಕೇಳಿದೆ. ಅದರ ಬಗ್ಗೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ.

ಕಂಪನಿಗೂ ಇದರಿಂದ ಅನುಕೂಲವೇ ಆಯಿತು. ರೋಸ್ಟರ್ ಗುಮಾಸ್ತೆಯ ತಪ್ಪಿನಿಂದ ವಿಶ್ರಾಂತಿ ಕಡಿಮೆಯಾದದ್ದು ಕಂಡುಬಂದಿದೆ, ಆದ್ದರಿಂದ ವಿಚಾರಣೆ ಕೈಬಿಡಲಾಗಿದೆ, ಬಂದು ಹಾರಿಸಿ ಎಂದು ಅವರಿಗೆ ಪತ್ರ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕಾಯಿ ಒಡೆಸಿ ಓಡಿಬರುತ್ತಿದ್ದರು.

ಇವರು ಆ ಪತ್ರವನ್ನು ವಾಪಸು ಕಳಿಸಿದರು. ತಪ್ಪಿನಿಂದ ಎಂಬ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: ನಾನು ನಿಲ್ಲಿಸಿದ್ದು ಹಾಳೆ ತಪ್ಪಾಗಿತ್ತೆಂದಲ್ಲ, ಆಯಾಸವಾಗಿತ್ತೆಂದು. ಹಾಗೆಂದು ಬರೆಯಿರಿ, ಬರುತ್ತೇನೆ.

ಕಂಪನಿ ಮತ್ತದೇ ಪತ್ರ ಕಳಿಸಿತು. ಮತ್ತದೇ ಕೆಂಪು ಗೆರೆ ವಾಪಸು ಬಂತು. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಭಾವಮೈದುನ ಬಂದು ಕಾಲು ಹಿಡಿಯುವುದೊಂದು ಬಾಕಿ. ಒಂದು ಸಾಲಿಗೆ ಇಷ್ಟು ಹಟವೇ ಎಂದು ಊರೇ ಆಡಿಕೊಂಡಿತು. ನನಗೂ ಸಿಟ್ಟು ಬಂತು, ಫೋನ್ ಮಾಡಿ ಬೈದೆ.

“ನನ್ ಮಾತು ಮೀರ್ಬುಟ್ಟೆ, ಈಗ ನಂಗೇ ಬಯ್ತೀಯ?” ಎಂದರು. “ನೀನು ಬರ್ದಿದ್ದು ಸರಿ ಕಣವ್ವಾ, ಅದು ನಿನ್ ಧರ್ಮ. ಇದು ನನ್ದು. ಊಟ ಆಯ್ತಾ?”

ಕೊನೆಗೆ ಗೆದ್ದದ್ದು ಧರ್ಮವಲ್ಲ, ಬೇಸಿಗೆ ರಜೆ. ಮೇ ತಿಂಗಳ ನೂಕುನುಗ್ಗಲಿಗೆ ಕ್ಯಾಪ್ಟನ್‌ಗಳು ಸಾಲಲಿಲ್ಲ. ಮೂರನೆಯ ಪತ್ರದಲ್ಲಿ ಅವರು ಕೇಳಿದ ಸಾಲು ಇತ್ತು: ಆಯಾಸವಾಗಿದೆ ಎಂದು ಕ್ಯಾಪ್ಟನ್ ತಿಳಿಸಿದ್ದು, ಅದನ್ನು ಒಪ್ಪಲಾಗಿದೆ. ಮರುದಿನವೇ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು. ಆ ಪತ್ರದ ನಕಲು ಪೈಲಟ್‌ಗಳ ಕೋಣೆಯ ಗೋಡೆಯ ಮೇಲೆ ಬಹಳ ದಿನ ಅಂಟಿಕೊಂಡಿತ್ತು. ಯಾರು ಕಿತ್ತರೂ ಮತ್ತೊಂದು ಬರುತ್ತಿತ್ತು.

ಕಂಪನಿ ಮರೆಯಲಿಲ್ಲ. ಆಮೇಲೆ ಅವರನ್ನು ತರಬೇತುದಾರರನ್ನಾಗಿ ಮಾಡಲಿಲ್ಲ, ಮುಖ್ಯ ಪೈಲಟ್ ಮಾಡಲಿಲ್ಲ. ಹಬ್ಬದ ರಜೆ ಕೇಳಿದರೆ ಹಬ್ಬ ಮುಗಿದ ಮೇಲೆ ಸಿಗುತ್ತಿತ್ತು. ಭಾವಮೈದುನ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ, ಅವರು ದೊಡ್ಡ ಸಾಹೇಬರಾಗಲಿಲ್ಲ. ಬರೇ ಕ್ಯಾಪ್ಟನ್ ಆಗಿಯೇ ನಿವೃತ್ತರಾದರು. ನಾನು ರೋಸ್ಟರ್ ಮೇಜಿಗೆ ವಾಪಸು ಬಂದ ಮೇಲೆ ಎಷ್ಟೋ ಹುಡುಗರು, ಹುಡುಗಿಯರು ಫೋನ್ ಮಾಡಿ, ಅಳುಕುತ್ತಾ, ಇವತ್ತು ಆಗುವುದಿಲ್ಲ ಮೇಡಂ ಎನ್ನುತ್ತಿದ್ದರು. ಕಾರಣ ಎಂಬ ಕಾಲಂನಲ್ಲಿ ನಾನು ಆಯಾಸ ಎಂದು ಬರೆದು ಮುಂದೆ ಏನನ್ನೂ ಕೇಳುತ್ತಿರಲಿಲ್ಲ. ಆ ಹುಡುಗರಲ್ಲಿ ಎಷ್ಟು ಜನಕ್ಕೆ ಈ ದೊಡ್ಡಮಳೂರಿನ ಮನುಷ್ಯ ಗೊತ್ತೋ ನಾನರಿಯೆ.

ತಿಥಿಯ ಊಟ ಮುಗಿಸಿ ಮಾಗಡಿಗೆ ಬಾಡಿಗೆ ಕಾರಿನಲ್ಲಿ ಹೊರಟೆ. ಡ್ರೈವರ್ ಐವತ್ತರ ಆಸುಪಾಸಿನವರು, ಬೆಳಗಿನ ಜಾವ ಯಾರನ್ನೋ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದಿದ್ದರಂತೆ. ಚನ್ನಪಟ್ಟಣ ದಾಟುವಷ್ಟರಲ್ಲಿ ಮೂರು ಸಲ ಆಕಳಿಸಿದರು. ಒಮ್ಮೆ ಗಾಡಿ ಸ್ವಲ್ಪ ಎಡಕ್ಕೆ ವಾಲಿತು. ಹೊಸ ಹೆದ್ದಾರಿಗೆ ಹತ್ತಬೇಡಿ, ಹಳೇ ರಸ್ತೆಯಲ್ಲೇ ಹೋಗಿ ಎಂದೆ. ಹೆದ್ದಾರಿಯಲ್ಲಿ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೂ ಅಲ್ಲಿ ನೆರಳಿಲ್ಲ.

ಕೆಂಗಲ್ ಹತ್ತಿರ ಒಂದು ಹೊಂಗೆಮರ ಕಂಡಿತು. ಅವರಪ್ಪನ ಮರ ರಸ್ತೆ ಅಗಲ ಮಾಡುವಾಗಲೇ ಹೋಯಿತಂತೆ. ಇದು ಬೇರೆಯದು.

“ನಿಲ್ಸಿ” ಎಂದೆ. “ಕಾಲುಗಂಟೆ ಮಲಗಿ.”

“ಅಯ್ಯೋ ಆಗಾಕಿಲ್ಲ ಕಣಮ್ಮಾ. ನಾಕ್ ಗಂಟೆಗೆ ಇನ್ನೊಂದು ಟ್ರಿಪ್ ಐತೆ. ಓನರ್ರು ಉಗೀತಾರೆ.”

“ಮಲಗಿ. ಓನರ್‌ಗೆ ಫೋನ್ ಮಾಡಿ ನನ್ ಕೈಗೆ ಕೊಡಿ.”

ಅವರು ಹೆದರುತ್ತಲೇ ಫೋನ್ ಹಚ್ಚಿ ಕೊಟ್ಟರು. ಗಾಡಿ ತಡವಾಗುತ್ತದೆ ಎಂದು ಹೇಳಿದೆ.

“ಯಾಕಮ್ಮಾ? ಗಾಡಿ ಕೆಟ್ಟೋಯ್ತಾ?”

“ಗಾಡಿ ಸರಿಯಾಗೇ ಇದೆ. ಡ್ರೈವರಿಗೆ ನಿದ್ದೆ ಬಂದಿದೆ.”

“ಅದಲ್ಲಮ್ಮಾ, ಲೇಟಾಗಕ್ಕೆ ಕಾರಣ ಏನು ಅಂತ.”

“ಅದೇ ಕಾರಣ” ಎಂದೆ. “ಕಾಯ್ಬೇಕು.”

ಫೋನ್ ಇಟ್ಟೆ. ಡ್ರೈವರ್ ಆಗಲೇ ಸೀಟು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿದ್ದರು. ನಾನು ಇಳಿದು ಮರದ ಕೆಳಗಿನ ಕಲ್ಲಿನ ಮೇಲೆ ಕೂತೆ, ದಾರಿಯಲ್ಲಿ ಮಾರುತ್ತಿದ್ದವಳಿಂದ ಒಂದು ಸೌತೆಕಾಯಿ ಕೊಂಡೆ, ಅವರು ತಾವಾಗಿಯೇ ಏಳುವವರೆಗೂ ಎಬ್ಬಿಸಲಿಲ್ಲ.